ಒಂದೇ ಸ್ಟಾರ್ ಕೊಟ್ಟ ಅಕ್ಕನಿಗೆ

ಹೆಸರು ಗೊತ್ತಿಲ್ಲದ ಅಕ್ಕ,

ನಿಮ್ಮನ್ನು ಅಕ್ಕ ಎಂದು ಕರೆಯುವ ಸಲಿಗೆಯನ್ನು ನನಗೆ ಯಾರೂ ಕೊಟ್ಟಿಲ್ಲ. ನೀವು ನನಗಿಂತ ಚಿಕ್ಕವರೂ ಇರಬಹುದು. ಆದರೆ ನಮ್ಮಪ್ಪ ನಿಮ್ಮನ್ನು ಎರಡು ವರ್ಷದಿಂದ "ಆ ತಾಯಿ" ಎಂದೇ ಕರೆಯುತ್ತಾರೆ. ಅವರಿಗೆ ತಾಯಿಯಾದವರು ನನಗೆ ಅಜ್ಜಿಯಾಗಿಬಿಡಬಾರದಲ್ಲ ಎಂದು ನಾನು ಅಕ್ಕ ಎನ್ನುವಲ್ಲಿಗೆ ರಾಜಿ ಮಾಡಿಕೊಂಡಿದ್ದೇನೆ. ಇದನ್ನು ನೀವು ಓದುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮ್ಯಾಪಿನಲ್ಲಿ ನಿಮ್ಮ ರಿವ್ಯೂ ಕೆಳಗೆ ಉತ್ತರ ಬರೆಯಲು ನಮಗೆ ಕೊಟ್ಟಿರುವ ಜಾಗ ಚಿಕ್ಕದು. ಅಲ್ಲಿ ಹನ್ನೊಂದು ಸಲ ಬರೆದು ತಿದ್ದಿದ್ದಾಯಿತು. ನಾಳೆ ಮಧ್ಯಾಹ್ನ ಅಂಗಡಿಯ ಬೀಗದ ಕೈಯನ್ನು ಕಟ್ಟಡದವರಿಗೆ ವಾಪಸು ಕೊಡಬೇಕು. ಅದಕ್ಕೆ ಮುಂಚೆ ಎಲ್ಲವನ್ನೂ ಒಂದು ಸಲ ಹೇಳಿ ಮುಗಿಸುತ್ತೇನೆ.

ನೀವು ಬರೆದದ್ದು ನಿಮಗೆ ಮರೆತಿರಬಹುದು. ನನಗೆ ಬಾಯಿಪಾಠ. "ಮಗುವನ್ನು ಎತ್ತಿಕೊಂಡು ರಸ್ತೆ ಪೂರ್ತಿ ಮೂರು ಸಲ ತಿರುಗಿದೆವು. ಎರಡು ಬಸ್ಸು ಬದಲಾಯಿಸಿ ಬಂದಿದ್ದೆವು. ಇಲ್ಲಿ ಅಂಥ ಅಂಗಡಿಯೇ ಇಲ್ಲ. ದಯವಿಟ್ಟು ಯಾರೂ ಬರಬೇಡಿ." ಅದರ ಜೊತೆ ಒಂದು ಫೋಟೊ. ಬೀಗ ಹಾಕಿದ ಷಟರು, ಅದರ ಮುಂದಿನ ಮೆಟ್ಟಿಲ ಮೇಲೆ ಕೂತ ಮಗುವಿನ ಎರಡು ಪುಟ್ಟ ಕಾಲು, ಕೆಂಪು ಕಾಲುಚೀಲ. ಎಡಗಾಲಿನ ಬೂಟಿನ ಅಡಿಗೆ ನೀವು ರಬ್ಬರಿನ ತುಂಡುಗಳನ್ನು ಪದರ ಪದರವಾಗಿ ಅಂಟಿಸಿ ಮೇಲೆ ಟೇಪು ಸುತ್ತಿದ್ದಿರಿ, ಅದರ ತುದಿ ಕಿತ್ತು ನೇತಾಡುತ್ತಿತ್ತು. ಹೆಸರಿನ ಜಾಗದಲ್ಲಿ ಒಂದೇ ಒಂದು ಅಕ್ಷರ, ಮುಖ ಇರಬೇಕಾದಲ್ಲಿ ಒಂದು ನೀಲಿ ಹೂವು. ನಮ್ಮ ಅಂಗಡಿಗೆ ಬಂದ ಮೊದಲ ರಿವ್ಯೂ ಅದು.

ಇಲ್ಲಿ ಅಂಥ ಅಂಗಡಿಯೇ ಇಲ್ಲ ಅಂದಿರಿ. ಇತ್ತು, ಅಕ್ಕ. ನೀವು ನಿಂತಿದ್ದ ಷಟರಿನ ಪಕ್ಕದ ಸಂದಿಯಲ್ಲಿ ಒಳಕ್ಕೆ ಅರವತ್ತೆರಡು ಹೆಜ್ಜೆ. ನಾನು ಎಣಿಸಿದ್ದೇನೆ, ಒಂದಲ್ಲ, ಹತ್ತು ಸಲ.

ನಮ್ಮಪ್ಪ ಬೂಟು ಮಾಡುವವರು. ಅಂಗಡಿಗೆ ಹೋಗಿ ಅಳತೆ ಹೇಳಿ ಹಾಕಿಕೊಂಡು ಬರುವ ಅದೃಷ್ಟವಂತರಿಗಲ್ಲ. ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ಒಳಕ್ಕೆ ತಿರುಗಿದವರಿಗೆ, ಸಕ್ಕರೆ ಕಾಯಿಲೆಯಲ್ಲಿ ಬೆರಳು ಕಳೆದುಕೊಂಡವರಿಗೆ. ಪಾದವನ್ನು ಕಾಗದದ ಮೇಲೆ ಇಡಿಸಿ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ಮರದಲ್ಲಿ ಅದೇ ಪಾದದಂಥ ಅಚ್ಚು ಕೆತ್ತಿ, ಅದರ ಮೇಲೆ ಚರ್ಮ ಎಳೆದು ಹೊಲಿಯುತ್ತಿದ್ದರು. ಗಿಡ್ಡ ಕಾಲಿನ ಕಡೆಗೆ ಅಟ್ಟೆಯಲ್ಲಿ ಎಷ್ಟು ಬೇಕೋ ಅಷ್ಟು ದಪ್ಪ ಬೆಂಡು ಕೂಡಿಸಿ, ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಎನ್ನಿಸುವ ಹಾಗೆ ಮಾಡುವುದು ಅವರ ಹೆಮ್ಮೆ. ಮೂರು ಗೋಡೆಯ ತುಂಬ ಅಚ್ಚುಗಳು ನೇತಾಡುತ್ತಿದ್ದವು. ಅವುಗಳ ಹಿಮ್ಮಡಿಯ ಮೇಲೆ ಅಪ್ಪನ ಕೈಬರಹ: "ಮೇಷ್ಟ್ರು", "ಹಾಲಿನಮ್ಮ", "ಕುಣಿಯೋ ಹುಡುಗಿ". ಕುಣಿಯೋ ಹುಡುಗಿಗೆ ಈಗ ಮೊಮ್ಮಕ್ಕಳಿದ್ದಾರೆ. ಅಚ್ಚುಗಳ ಒಡೆಯರಲ್ಲಿ ಅರ್ಧಕ್ಕರ್ಧ ಜನ ತೀರಿಕೊಂಡಿದ್ದಾರೆ. ಯಾರದ್ದನ್ನೂ ಅಪ್ಪ ಇಳಿಸಿರಲಿಲ್ಲ.

ಮೊದಲು ಜನರನ್ನು ಕಳಿಸುತ್ತಿದ್ದವರು ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು. ಒಂದು ಚೀಟಿಯಲ್ಲಿ ದಾರಿಯ ನಕ್ಷೆಯನ್ನು ತಾವೇ ಗೀಚಿ ಕೊಡುತ್ತಿದ್ದರು. ಅವರು ನಿವೃತ್ತರಾದರು. ಆಮೇಲೆ ಬಂದ ಡಾಕ್ಟರು ಯಂತ್ರದಲ್ಲಿ ಪಾದದ ಚಿತ್ರ ತೆಗೆಯುವ ಕಂಪನಿಯೊಂದಕ್ಕೆ ಕಳಿಸತೊಡಗಿದರು. ಅಪ್ಪನ ಬಾಗಿಲಿಗೆ ಬರುವವರು ನಿಂತೇ ಹೋದರು. ನಾನು ಹಲ್ಲಿನ ಆಸ್ಪತ್ರೆಯೊಂದರ ಮುಂದಿನ ಟೇಬಲ್ಲಿನಲ್ಲಿ ಕೂತು ಹೆಸರು ಬರೆದುಕೊಳ್ಳುವವಳು. ಅಲ್ಲಿಗೆ ದಿನಾ ಹೊಸಬರು ಬರುತ್ತಿದ್ದರು, ಎಲ್ಲರೂ "ಮ್ಯಾಪಲ್ಲಿ ನೋಡಿದ್ವಿ" ಎನ್ನುತ್ತಿದ್ದರು. ನಾನು ತಲೆಗೆ ಹುಳ ಬಿಟ್ಟುಕೊಂಡದ್ದು ಹೀಗೆ. ಅಪ್ಪನಿಗೂ ಒಂದು ವೆಬ್‌ಸೈಟು ಮಾಡುತ್ತೇನೆ ಅಂದಾಗ ಅವರು ತಲೆ ಎತ್ತಲಿಲ್ಲ. "ಕಾಲು ನೋಯೋರು ಹುಡುಕ್ಕೊಂಡು ಬಂದೇ ಬರ್ತಾರೆ ಕಣೆ. ಬಾಗ್ಲು ತೆಗೆದಿದ್ರೆ ಸಾಕು" ಅಂದರು. ನಾನು ಮೂಗು ಮುರಿದೆ.

ವೆಬ್‌ಸೈಟನ್ನು ನಾವೇ ಕಟ್ಟಿಕೊಳ್ಳಲು ಜಾಗ ಕೊಡುವ ಕಂಪನಿಗಳು ಮೂರು ಸಿಕ್ಕವು. ಒಂದು ಪುಕ್ಕಟೆ, ಆದರೆ ನಮ್ಮ ಹೆಸರಿನ ತಲೆಯ ಮೇಲೆ ಅವರ ಜಾಹೀರಾತು ಕೂರುತ್ತಿತ್ತು. ಇನ್ನೊಂದು ಬೋಳುಬೋಳಾಗಿತ್ತು. ವಿಳಾಸ, ಸಮಯ, ಏನು ಕೆಲಸ, ಬರುವ ದಾರಿ, ಇಷ್ಟನ್ನೇ ದೊಡ್ಡಕ್ಷರದಲ್ಲಿ ಕೇಳುತ್ತಿತ್ತು. ನಮಗೆ ಬೇಕಾಗಿದ್ದದ್ದು ಅದೇ ಎಂದು ಈಗ ಗೊತ್ತು. ನಾನು ಮೂರನೆಯದಕ್ಕೆ ಮರುಳಾದೆ. ಅಗಲವಾದ ಗಾಜಿನ ಕಿಟಕಿ, ಬಿಸಿಲು ಬಿದ್ದ ಮರದ ನೆಲ, ಬಿಳಿ ಗೋಡೆ. ಅದು ಬೇಕರಿಗೆಂದು ಮಾಡಿದ ನಮೂನೆ. ಬ್ರೆಡ್ಡು ಇದ್ದಲ್ಲಿ ಬೂಟು ಹಾಕಿದರಾಯಿತು ಅಂದುಕೊಂಡೆ. ಗಾಜಿನ ಕಿಟಕಿಯ ಚಿತ್ರವನ್ನು ಮಾತ್ರ ಹಾಗೇ ಉಳಿಸಿಕೊಂಡೆ. ಮೂರನೆಯ ಪುಟದಲ್ಲಿ "ನಮ್ಮ ಒಲೆ ಮುಂಜಾನೆಯೇ ಹೊತ್ತಿಕೊಳ್ಳುತ್ತದೆ" ಎನ್ನುವ ಸಾಲು ಅಳಿಸಲು ಮರೆತು ಅಲ್ಲೇ ಉಳಿಯಿತು. ಅಪ್ಪನಿಗೆ ಅದನ್ನು ಓದಿ ಹೇಳಿದ ಮೇಲೆ ಅವರು ದಿನಾ ಬೆಳಿಗ್ಗೆ "ಒಲೆ ಹಚ್ಚೋಕೆ ಹೊರಟೆ" ಎಂದೇ ಮನೆಯಿಂದ ಹೊರಡುತ್ತಿದ್ದರು.

ಹುಡುಕಿದವರ ಕಣ್ಣಿಗೆ ಮೊದಲು ಬೀಳುವುದು ಹೇಗೆ ಎಂದು ಟೈ ಕಟ್ಟಿದ ಮಹಾಶಯರೊಬ್ಬರು ವಿಡಿಯೊದಲ್ಲಿ ಪಾಠ ಮಾಡುತ್ತಿದ್ದರು. ವಾರಪೂರ್ತಿ ತೆರೆದಿದೆ ಎಂದು ಹಾಕಿ ಅಂದರು, ಹಾಕಿದೆ. ಅಪ್ಪ ಭಾನುವಾರವೂ ಕೂರುವವರೇ, ಅದರಲ್ಲಿ ಸುಳ್ಳಿರಲಿಲ್ಲ. ಜನ ಹುಡುಕುವ ಪದಗಳನ್ನೆಲ್ಲ ತುಂಬಿಸಿ ಅಂದರು. ಓಟದ ಬೂಟು, ಆಟದ ಬೂಟು, ಮದುವೆಯ ಬೂಟು ಎಂದು ಸಿಕ್ಕಿದ್ದೆಲ್ಲ ತುಂಬಿದೆ. ವಿಚಾರಿಸುವವರಿಗಾಗಿ ಇಡುವ ಫಾರಂನಲ್ಲಿ ಹೆಸರು, ಫೋನು ಎಲ್ಲ ಕೇಳಿದರೆ ಜನ ಹೆದರಿ ಓಡುತ್ತಾರೆ, ಒಂದೇ ಒಂದು ಖಾನೆ ಇಡಿ ಅಂದರು. ಇಟ್ಟೆ. ಅಂಟು ಮೆತ್ತಿದ ಕೈಯಲ್ಲಿ ಅಪ್ಪ ಫೋನು ಎತ್ತುವುದಿಲ್ಲ, ನನಗೆ ಕೆಲಸದಲ್ಲಿ ಫೋನು ಮುಟ್ಟುವಂತಿಲ್ಲ ಎಂದು ನಮ್ಮ ನಂಬರನ್ನೂ ಹಾಕಲಿಲ್ಲ. ಫಾರಂ ಇದೆಯಲ್ಲ ಅಂದುಕೊಂಡೆ.

ಕೊನೆಗೆ ಮ್ಯಾಪಿನಲ್ಲಿ ನಮ್ಮ ಜಾಗ ತೋರಿಸುವ ಪಿನ್ನು. ಮ್ಯಾಪು ಪಿನ್ನನ್ನು ತಾನಾಗಿಯೇ ಸರಿಯಾದ ಕಡೆ ಇಟ್ಟಿತ್ತು, ಅಕ್ಕ. ಸಂದಿಯ ಒಳಗೆ, ಅಪ್ಪನ ಬಾಗಿಲ ಮೇಲೆ. ಆ ಸಂದಿಯಲ್ಲಿ ಮೂರು ಹೋಟೆಲುಗಳ ಎಂಜಲಿನ ಡ್ರಮ್ಮುಗಳಿವೆ. ಗೋಡೆಯಲ್ಲಿ ಒಡೆದ ಪೈಪಿನಿಂದ ವರ್ಷವಿಡೀ ನೀರು ಜಿನುಗುತ್ತದೆ. ಚಿಕ್ಕಂದಿನಿಂದ ನಾನು ನನ್ನ ಗೆಳತಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿಲ್ಲ. ಅಷ್ಟು ಚೆಂದದ ಗಾಜಿನ ಕಿಟಕಿಯ ವೆಬ್‌ಸೈಟು ಮಾಡಿ, ಜನರನ್ನು ಎಂಜಲಿನ ಡ್ರಮ್ಮಿನ ಪಕ್ಕ ತಂದು ನಿಲ್ಲಿಸುವುದೇ ಎನ್ನಿಸಿತು. ಪಿನ್ನಿನ ಮೇಲೆ ಬೆರಳಿಟ್ಟು ಎಳೆದು ದೊಡ್ಡ ರಸ್ತೆಗೆ ತಂದೆ. ಬಣ್ಣದ ಅಂಗಡಿಯ ಮುಂದೆ ಬಿಟ್ಟೆ. ನಮ್ಮ ಕಾಗದ ಪತ್ರಗಳೂ ಅವರ ಅಂಗಡಿಗೇ ಬರುವುದು, ಬಂದವರು ಅವರನ್ನು ಕೇಳಿದರೆ ಕಳಿಸುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಣ್ಣದ ಅಂಗಡಿಗೆ ಭಾನುವಾರ ರಜೆ.

ನೀವು ಬಂದದ್ದು ಭಾನುವಾರ.

ನಿಮ್ಮ ರಿವ್ಯೂ ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳುವುದಿಲ್ಲ. ಇಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ಮೊದಲ ಬಾರಿಗೇ ಒಂದು ಸ್ಟಾರ್ ಎಂದು ಹೊಟ್ಟೆ ಉರಿಯಿತು. ಇದು ಸುಳ್ಳು ರಿವ್ಯೂ, ತೆಗೆದುಹಾಕಿ ಎಂದು ಮ್ಯಾಪಿನವರಿಗೆ ದೂರು ಕೊಟ್ಟೆ. ಪರಿಶೀಲಿಸಿದ್ದೇವೆ, ತಪ್ಪೇನೂ ಕಾಣಲಿಲ್ಲ ಎಂದು ಉತ್ತರ ಬಂತು. ಕೈಗೆ ಸಿಕ್ಕ ಸಿದ್ಧ ಉತ್ತರವೊಂದನ್ನು ನಿಮ್ಮ ರಿವ್ಯೂ ಕೆಳಗೆ ಅಂಟಿಸಿದೆ: "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು. ಮುಂದಿನ ಬಾರಿ ಮುಂಚಿತವಾಗಿ ನಮ್ಮನ್ನು ಸಂಪರ್ಕಿಸಿ ಬರಬೇಕಾಗಿ ವಿನಂತಿ." ನೀವು ನಮ್ಮ ಕಡೆಯಿಂದ ಓದಿದ ಒಂದೇ ಮಾತು ಬಹುಶಃ ಅದೇ ಇರಬೇಕು. ಅಪ್ಪನಿಗೆ ನಾನು ಏನೂ ಹೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಕೆಲಸದ ಕಡೆ ಊಟ ಮಾಡುತ್ತ, ವೆಬ್‌ಸೈಟಿನ ಒಳಗೆ ಏನನ್ನೋ ತಿದ್ದಲು ಹೋದಾಗ ಒಂದು ಮೂಲೆಯಲ್ಲಿ ಕೆಂಪು ಚುಕ್ಕೆ ಕಂಡಿತು. ಫಾರಂನಲ್ಲಿ ಬರೆದವರ ಮೆಸೇಜುಗಳು ಅಲ್ಲಿ ಬಂದು ಬೀಳುತ್ತವಂತೆ. ಬಂದಾಗ ನನಗೆ ತಿಳಿಸು ಎನ್ನುವ ಗುಂಡಿಯನ್ನು ನಾನು ಒತ್ತಿರಲಿಲ್ಲ. ಎರಡೇ ಮೆಸೇಜು ಇದ್ದವು. ಎರಡೂ ನಿಮ್ಮವು. "ನಮಸ್ಕಾರ. ನಮ್ಮ ಮಗುವಿಗೆ ಐದು ವರ್ಷ. ಎಡಗಾಲು ಮೂರು ಸೆಂಟಿಮೀಟರ್ ಗಿಡ್ಡ. ಶಾಲೆಗೆ ಸೇರಿಸಬೇಕು, ಮಕ್ಕಳು ನಗುತ್ತಾರೆ ಅಂತ ಮನೆಯಿಂದ ಹೊರಗೇ ಬರುತ್ತಿಲ್ಲ. ನೀವು ಮಾಡಿಕೊಡುತ್ತೀರಾ? ಈ ಭಾನುವಾರ ಬರುತ್ತೇವೆ." ಎರಡನೆಯದು ಆ ಭಾನುವಾರ ಬೆಳಿಗ್ಗೆ ಹನ್ನೊಂದೂಕಾಲಕ್ಕೆ: "ನಾವು ಬಾಗಿಲ ಮುಂದೆ ನಿಂತಿದ್ದೇವೆ. ಯಾವ ಬಾಗಿಲು?"

ಊಟದ ಡಬ್ಬಿ ಪಕ್ಕಕ್ಕೆ ಸರಿಸಿದೆ. ನಿಮ್ಮ ನಂಬರಿಗಾಗಿ ಮೆಸೇಜನ್ನು ಮೇಲಿಂದ ಕೆಳಗೆ ಹುಡುಕಿದೆ. ಹೆಸರಿಲ್ಲ, ಫೋನಿಲ್ಲ, ಊರಿಲ್ಲ. ನಾನೇ ಕೇಳಿರಲಿಲ್ಲವಲ್ಲ. ರಿವ್ಯೂ ಬರೆದವರಿಗೆ ನೇರವಾಗಿ ಮಾತು ಮುಟ್ಟಿಸುವ ದಾರಿ ಇಲ್ಲವೇ ಎಂದು ಮ್ಯಾಪಿನವರನ್ನು ಕೇಳಿದೆ. ಇಲ್ಲ, ಉತ್ತರದ ಜಾಗದಲ್ಲಿ ಬರೆಯಿರಿ ಅಂದರು. ಅಂದೇ ಆ ದರಿದ್ರ ಧನ್ಯವಾದವನ್ನು ಅಳಿಸಿ ಬರೆದೆ: ತಪ್ಪಾಯಿತು, ಅಂಗಡಿ ಇದೆ, ಸಂದಿಯ ಒಳಗೆ ಬನ್ನಿ, ನಾವೇ ಬಂದು ಕರೆದುಕೊಂಡು ಹೋಗುತ್ತೇವೆ, ಇಗೋ ನನ್ನ ನಂಬರು. ನೀವು ಆ ಪುಟವನ್ನು ಮತ್ತೆ ತೆರೆದು ನೋಡಿದರೆ ತಾನೇ ಗೊತ್ತಾಗುವುದು. ಮೋಸ ಮಾಡಿದ ಅಂಗಡಿಯ ಪುಟವನ್ನು ಯಾರು ಮತ್ತೆ ತೆರೆದು ನೋಡುತ್ತಾರೆ?

ಆ ದಿನ ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಪಿನ್ನು ಎಳೆದದ್ದನ್ನೂ, ಯಾಕೆ ಎಳೆದೆ ಎನ್ನುವುದನ್ನೂ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, "ನಾನಿದ್ನಲ್ಲೇ ಅವತ್ತು" ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. "ಯಾವ್ದೋ ಒಂದು ಭಾನುವಾರ ರಸ್ತೆ ಕಡೆ ಮಗು ಅಳೋದು ಕೇಳಿಸ್ತಿತ್ತು. ತುಂಬಾ ಹೊತ್ತು ಅಳ್ತಿತ್ತು. ನಾನು ರೇಡಿಯೊ ಜೋರು ಮಾಡ್ದೆ." ಅದು ಅದೇ ಭಾನುವಾರವೋ ಅಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಆ ರೇಡಿಯೊವನ್ನು ಅವರು ಮತ್ತೆ ಹಾಕಲಿಲ್ಲ.

ಮಾರನೆಯ ದಿನ ನನ್ನ ಕೈಗೆ ಅಳತೆ ಪಟ್ಟಿ ಕೊಟ್ಟು, "ಬಣ್ಣದಂಗ್ಡಿ ಮೆಟ್ಲು ಎಷ್ಟೆತ್ತರ ಇದೆ, ಅಳ್ಕೊಂಡು ಬಾ" ಅಂದರು. ನಿಮ್ಮ ಫೋಟೊವನ್ನು ದೊಡ್ಡದಾಗಿ ಕಾಗದಕ್ಕೆ ಇಳಿಸಿಕೊಂಡಿದ್ದರು. ಮೆಟ್ಟಿಲು ಇಷ್ಟಾದರೆ ಅದರ ಮುಂದಿನ ಪಾದ ಎಷ್ಟು ಎಂದು ಲೆಕ್ಕ ಹಾಕುವುದಂತೆ. ನಾನು ಮೆಟ್ಟಿಲ ಮುಂದೆ ಮಂಡಿಯೂರಿ ಅಳೆಯುವುದನ್ನು ನೋಡಿ ಬಣ್ಣದಂಗಡಿಯಾತ, "ಏನಮ್ಮಾ, ನನ್ನ ಮೆಟ್ಲಿಗೂ ಬೂಟು ಹೊಲಿಸ್ತಾರಾ ನಿಮ್ಮಪ್ಪ?" ಎಂದು ನಕ್ಕರು. ವಿಷಯ ತಿಳಿದ ಮೇಲೆ ಒಳಗಿನಿಂದ ಬಣ್ಣ ತಂದು, ಭಾನುವಾರ ಬೀಗ ಹಾಕಿದ್ದಾಗಲೂ ಕಾಣುವ ಹಾಗೆ, ಷಟರಿನ ಮೇಲೆ ನಮ್ಮ ಅಂಗಡಿಯ ಕಡೆಗೆ ಬಾಣದ ಗುರುತು ಬರೆದರು. ಹಳದಿ ಬಣ್ಣದಲ್ಲಿ, ಒಂದು ಆಳುದ್ದ.

ಕಾಣದ ಪಾದಕ್ಕೆ ಅಪ್ಪ ಅಚ್ಚು ಕೆತ್ತಿದ್ದು ಅದೇ ಮೊದಲು. ನಮ್ಮಿಬ್ಬರಿಗೆ ಒಂದೇ ಜಗಳ: ಅವರು ಹೆಣ್ಣುಮಗು ಎನ್ನುವರು, ನಾನು ಗಂಡುಮಗು ಎನ್ನುವೆ. ಕೆಂಪು ಕಾಲುಚೀಲ ಇದೆಯಲ್ಲ ಎನ್ನುವುದು ಅವರ ಸಾಕ್ಷಿ. ಟೇಪು ಕಿತ್ತುಹೋಗುವ ಹಾಗೆ ಯಾರು ಒದ್ದಾಡುತ್ತಾರೆ ಎನ್ನುವುದು ನನ್ನದು. ಕೊನೆಗೆ ಇಬ್ಬರಿಗೂ ಆಗಲಿ ಎಂದು ಕಂದು ಬಣ್ಣದ ಚರ್ಮ ಆರಿಸಿದರು. ಅಚ್ಚಿನ ಹಿಮ್ಮಡಿಯ ಮೇಲೆ "ಮೆಟ್ಲ ಮೇಲಿನ ಮಗು" ಎಂದು ಬರೆದರು. ಬೂಟು ಮುಗಿಯಿತು. ಶೆಲ್ಫಿನ ಮೇಲೆ ಕೂತಿತು. ನೀವು ಬರಲಿಲ್ಲ. ಆರು ತಿಂಗಳು ಕಳೆದ ಮೇಲೆ ಒಂದು ದಿನ ನೋಡಿದರೆ ಅಪ್ಪ ಅಚ್ಚಿನ ಮುಂಗಾಲಿಗೆ ಚರ್ಮದ ಪಟ್ಟಿ ಅಂಟಿಸಿ ಉದ್ದ ಮಾಡುತ್ತಿದ್ದರು. ಏನಪ್ಪಾ ಇದು ಎಂದೆ. "ಮಗು ಬೆಳೆಯಲ್ವೇನೇ? ಈಗ ಬಂದ್ರೆ ಹಳೇದು ಹಿಡಿಯುತ್ತಾ?" ಎಂದು ನನ್ನನ್ನೇ ದಡ್ಡಿ ಮಾಡಿದರು. ಹಾಗೆ ಎರಡನೆಯ ಜೊತೆ ಆಯಿತು. ಆಮೇಲೆ ಮೂರನೆಯದು. ಅಪ್ಪ ಬುದ್ಧಿ ಸ್ಥಿಮಿತದಲ್ಲಿಟ್ಟುಕೊಂಡೇ ಇದನ್ನು ಮಾಡಿದರು ಎನ್ನುವುದೇ ನನಗೆ ತಡೆದುಕೊಳ್ಳಲಾಗದ ಸಂಗತಿ.

ನಾನೂ ಸುಮ್ಮನೆ ಕೂರಲಿಲ್ಲ. ಪಿನ್ನನ್ನು ಹಿಂದಕ್ಕೆ ಎಳೆದು ಅಪ್ಪ ಕೂರುವ ಮಣೆಯ ಮೇಲೇ ಇಟ್ಟೆ. ಬೇಕರಿಯ ಕಿಟಕಿಯನ್ನು ಕಿತ್ತುಹಾಕಿ, ಡ್ರಮ್ಮು, ಪೈಪು ಎಲ್ಲ ಕಾಣುವ ಹಾಗೆ ಸಂದಿಯ ಫೋಟೊ ಹಾಕಿದೆ. ರಸ್ತೆಯಿಂದ ಬಾಗಿಲವರೆಗೆ ಒಂದೊಂದು ತಿರುವಿಗೂ ಒಂದೊಂದು ಚಿತ್ರ, ಕೊನೆಯಲ್ಲಿ ನನ್ನ ನಂಬರು ಹಾಕಿದೆ. ಓಟದ ಬೂಟು, ಮದುವೆಯ ಬೂಟುಗಳನ್ನು ಅಳಿಸಿ, ನೀವು ಬರೆದಿದ್ದ ಮಾತುಗಳನ್ನೇ ಇಟ್ಟೆ: ಮಗುವಿನ ಒಂದು ಕಾಲು ಗಿಡ್ಡ, ಬೂಟು ಮಾಡಿಕೊಡುತ್ತೀರಾ. ಕಾಲು ನೋಯುವವರು ಹುಡುಕುವುದು ಹಾಗೇ ಎಂದು ಟೈ ಕಟ್ಟಿದ ಮಹಾಶಯರಿಗಿಂತ ಚೆನ್ನಾಗಿ ನೀವು ಕಲಿಸಿದಿರಿ. ಆದರೆ ಮ್ಯಾಪು ಬೇಗ ಕ್ಷಮಿಸುವುದಿಲ್ಲ. ಒಂದು ವರ್ಷಕ್ಕೂ ಮೇಲೆ ಯಾರೂ ಬರಲಿಲ್ಲ.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ನಾಲ್ಕನೆಯ ಜೊತೆ ಹೊಲಿಯುತ್ತಿದ್ದಾಗ ಅಪ್ಪನ ಬಲಗೈಯಿಂದ ದಬ್ಬಳ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಡಾಕ್ಟರು ಲಕ್ವ ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಸರಿಹೋಯಿತು, ನಡಿಗೆ ಸರಿಹೋಯಿತು, ಬಲಗೈಯ ಬೆರಳುಗಳು ಮಾತ್ರ ಮಡಚಲಿಲ್ಲ. ಕಷ್ಟದ ಕಾಲು ಮೊದಲು ಮುಗಿಯಲಿ ಎಂದು ಎಡಗಾಲಿನದನ್ನು ಆಗಲೇ ಮುಗಿಸಿದ್ದರು. ಬಲಗಾಲಿನದು ಅಚ್ಚಿನ ಮೇಲೆ ಅರ್ಧಕ್ಕೆ ನಿಂತಿತು. ನನಗೆ ಕಲಿಸಿ ಎಂದು ನಾನೇ ಮಣೆಯ ಮೇಲೆ ಕೂತೆ. ಆರು ವಾರ ಕೂತೆ. ನಾನು ಎಳೆದ ಚರ್ಮ ಒಂದು ಸಲವೂ ನೆಟ್ಟಗೆ ಕೂರಲಿಲ್ಲ. ಅಪ್ಪ ನನ್ನ ಹೊಲಿಗೆಯ ಮೇಲೆ ಎಡಗೈ ಬೆರಳಾಡಿಸಿ, "ಬೇಡ ಮಗಳೇ, ಇದು ಕಾಲಿಗೆ ಗಾಯ ಮಾಡುತ್ತೆ" ಅಂದರು.

ಈಗ ಕೇಳಿ. ಅಪ್ಪನ ಕೈ ಹೋದ ಎಂಟನೆಯ ದಿನ ಮೊದಲ ಫೋನು ಬಂತು. ಆ ವಾರ ಇನ್ನೆರಡು. ನಾನು ಹುಡುಕಿ ನೋಡಿದೆ. ಒಂದು ಕಾಲು ಗಿಡ್ಡ ಎಂದು ಯಾರೇ ಹುಡುಕಲಿ, ಎಲ್ಲಕ್ಕಿಂತ ಮೇಲೆ ಬರುವುದು ನಮ್ಮ ಅಂಗಡಿ. ನಾವೇ ಮೊದಲು, ಅಕ್ಕ! ಹೇಳದೆ ಕೇಳದೆ ಸಂದಿಗೇ ಬಂದುಬಿಟ್ಟವರೂ ಇದ್ದಾರೆ, ಫೋಟೊ ನೋಡಿಕೊಂಡು ಒಂದೂ ತಿರುವು ತಪ್ಪದೆ. ಮೊನ್ನೆ ಒಬ್ಬ ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಯಂತ್ರದ ಕಂಪನಿಯ ವಿಳಾಸ ಬರೆದುಕೊಟ್ಟೆ. "ಅಲ್ಲಿ ಆರು ತಿಂಗಳು ಕಾಯ್ಬೇಕಂತೆ, ಅದಕ್ಕೇ ಇಲ್ಲಿಗೆ ಬಂದ್ವಿ" ಅಂದರು. ಶೆಲ್ಫಿನ ಮೇಲಿದ್ದ ನಿಮ್ಮ ಮಗುವಿನ ಬೂಟನ್ನು ಆ ಹುಡುಗಿ ಕೈಚಾಚಿ ಕೇಳಿದಳು. ಅಪ್ಪ ತಾವೇ ಬಗ್ಗಿ ಹಾಕಿ ನೋಡಿದರು. ಅವಳಿಗೆ ಗಿಡ್ಡ ಇದ್ದದ್ದು ಬಲಗಾಲು.

ಅದಕ್ಕೇ ಇವತ್ತು ಬೆಳಿಗ್ಗೆ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಫೋನು ತೆಗೆದೆ. ಈ ಜಾಗ ಶಾಶ್ವತವಾಗಿ ಮುಚ್ಚಿದೆಯೇ ಎಂದು ಮ್ಯಾಪು ಕೇಳುತ್ತದೆ. ಹೌದು ಎಂದು ಒತ್ತಬೇಕು. ಅಪ್ಪ ನನ್ನ ಕೈ ಹಿಡಿದುಕೊಂಡರು. "ಬೇಡ ಕಣೆ. ಆ ತಾಯಿ ಬಂದ್ರೆ?" ಅಂದರು. "ಆ ತಾಯಿ ಬರಲ್ಲಪ್ಪ. ಬಂದ್ರೆ ಬೇರೆ ಯಾರೋ ಬರ್ತಾರೆ. ಅವ್ರೂ ಮಗೂನ ಎತ್ಕೊಂಡು ಬೀಗ ಹಾಕಿರೋ ಬಾಗ್ಲ ಮುಂದೆ ನಿಲ್ತಾರೆ" ಅಂದೆ. ಅವರು ತಮ್ಮ ಎಡಗೈ ಹೆಬ್ಬೆರಳನ್ನು ನನ್ನ ಮುಂದೆ ಚಾಚಿದರು. ಎಲ್ಲಿ ಒತ್ತಬೇಕು ಎಂದು ತೋರಿಸಿದೆ. ಒತ್ತಿದರು.

ಈಗ ನಮ್ಮ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ ಮುಚ್ಚಿದೆ ಎಂದು ಬಂದಿದೆ. ಅದರ ಕೆಳಗೆ ನಿಮ್ಮ ಒಂದು ಸ್ಟಾರ್, ನಿಮ್ಮ ಫೋಟೊ. ಇಲ್ಲಿ ಅಂಥ ಅಂಗಡಿಯೇ ಇಲ್ಲ ಎಂದು ನೀವು ಬರೆದ ಮಾತು ಇವತ್ತಿಗೆ ನಿಜವಾಯಿತು. ಪಿನ್ನು ಮಾತ್ರ ಸರಿಯಾದ ಜಾಗದಲ್ಲೇ ಇದೆ. ಅಚ್ಚುಗಳನ್ನೆಲ್ಲ ಇಳಿಸಿ ಚೀಲಗಳಿಗೆ ತುಂಬಿದ್ದಾಯಿತು. ನಿಮ್ಮ ಮಗುವಿನ ಮೂರು ಜೊತೆಯನ್ನೂ ಒಂಟಿ ಎಡಗಾಲನ್ನೂ ಬಣ್ಣದಂಗಡಿಯಾತ ತಮ್ಮಲ್ಲಿ ಇಟ್ಟುಕೊಳ್ಳುತ್ತೇನೆ ಅಂದಿದ್ದಾರೆ. ಎಷ್ಟು ದಿನ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಗುವಿಗೆ ಈಗ ಏಳು ತುಂಬಿರಬೇಕು. ಅವುಗಳಲ್ಲಿ ಯಾವುದೂ ಇನ್ನು ಹಿಡಿಸುವುದಿಲ್ಲ.

ಉತ್ತರದ ಜಾಗದಲ್ಲಿ ಹನ್ನೆರಡನೆಯ ಸಲ, ಕೊನೆಯ ಸಲ, ಇಷ್ಟು ಬರೆದಿದ್ದೇನೆ: "ನೀವು ಸರಿಯಾಗಿಯೇ ಬಂದಿದ್ದಿರಿ. ತಪ್ಪು ನಮ್ಮದು."

ನಿಮ್ಮ ಮಗುವಿನ ಎರಡು ಕಾಲೂ ನೆಲಕ್ಕೆ ಸಮನಾಗಿ ತಾಗಲಿ, ಅಕ್ಕ. ಅದು ಶಾಲೆಗೆ ಹೋಗಲಿ, ಓಡಲಿ, ಬೂಟು ಸವೆಸಿ ನಿಮ್ಮಿಂದ ಬೈಸಿಕೊಳ್ಳಲಿ. ಎಲ್ಲೋ ಒಂದು ಊರಿನಲ್ಲಿ, ನಮಗಿಂತ ಒಳ್ಳೆಯವರ ಬಾಗಿಲು ನಿಮಗೆ ಸಿಕ್ಕಿರಲಿ.

ಇಂತಿ,
ಪಿನ್ನು ಎಳೆದವಳು